1985ರ ಸಾಬ್ 900 ಟರ್ಬೊದ ನೀಲಿ ಹೊಗೆ

ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ಹೊರಟರೆ ಕಾರಿನಿಂದ ನೀಲಿ ಹೊಗೆ (ಎಣ್ಣೆ ಸುಟ್ಟ ಹೊಗೆ) ಬರುತ್ತದೆ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಬದಲಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ ಸರ್.

ಮೊದಲು ಟರ್ಬೊದಿಂದ ಕೆಳಗೆ ಹೋಗುವ ಆಯಿಲ್ ರಿಟರ್ನ್ ಪೈಪ್ ಬಿಚ್ಚಿ ನೋಡಿ. ಅದರಲ್ಲಿ ಎಣ್ಣೆ ತನ್ನ ಭಾರಕ್ಕೇ ಇಳಿಯಬೇಕು, ಒತ್ತಡ ಇರುವುದಿಲ್ಲ. ನನ್ನ ಗಾಡಿಯದರಲ್ಲಿ ಎಣ್ಣೆ ಸುಟ್ಟು ಇದ್ದಿಲಿನಂತೆ ಗಟ್ಟಿಯಾಗಿತ್ತು. ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಇಳಿಯಲು ದಾರಿ ಇಲ್ಲದಿದ್ದರೆ ಎಣ್ಣೆ ಸೀಲ್ ದಾಟಿ ಬರುತ್ತದೆ, ಅಲ್ವಾ? ಬ್ರೀದರ್ ಹೋಸ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪ್) ಕಟ್ಟಿಕೊಂಡರೂ ಇದೇ ಕಥೆ. ಎರಡನ್ನೂ ಕ್ಲೀನ್ ಮಾಡಿ.

ಆಮೇಲೆ ಟರ್ಬೊ ಶಾಫ್ಟ್ (ಅದರ ಒಳಗೆ ತಿರುಗುವ ಕಡ್ಡಿ) ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಸ್ವಲ್ಪ ಆಡಿದರೆ ಚಿಂತೆಯಿಲ್ಲ. ಹಿಂದೆ ಮುಂದೆ ಆಡಿದರೆ, ಅಥವಾ ಶಾಫ್ಟ್ ತುದಿಯ ಚಕ್ರ ಟರ್ಬೊದ ಒಳಗೋಡೆಗೆ ತಾಗಿದ್ದರೆ, ರಿಪೇರಿ ಬೇಕೇ ಬೇಕು.

ಶಾಫ್ಟ್ ಸರಿಯಿದ್ದೂ ಇಳಿಜಾರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಮತ್ತೆ ಒತ್ತಿದಾಗ ಹೊಗೆ ಬಂದರೆ, ನನ್ನ ಅನುಮಾನ ಎಂಜಿನ್‌ನ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಎಣ್ಣೆ ಒಳಗಿಳಿಯದಂತೆ ತಡೆಯುವ ಬಿರಡೆ) ಮೇಲೆ.

ರಿಪೇರಿ ಆದ ಮೇಲೂ ಸೈಲೆನ್ಸರ್‌ನಲ್ಲಿ ಉಳಿದ ಎಣ್ಣೆ ಸುಡುವ ತನಕ ಹೊಗೆ ಬರುತ್ತದೆ, ಗಾಬರಿ ಬೇಡ. ನಿಮ್ಮ ಟರ್ಬೊಗೆ ನೀರಿನ ಕೂಲಿಂಗ್ ಇಲ್ಲ, ಎಣ್ಣೆಯೇ ಅದನ್ನು ತಣ್ಣಗಿಡಬೇಕು. ಜೋರಾಗಿ ಓಡಿಸಿದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡಿ.