ಜೀನ್ ಟೆಸ್ಟ್‌ಗೆ ಹೆದರಿ ‘ಗಾಯ’ ಅಂತ ಬರೆದುಕೊಟ್ಟು ಹಿಂದೆ ಸರಿಯಬೇಕಾ?

ಹತ್ತೊಂಬತ್ತು ವರ್ಷ, ಇನ್ನೂ ಮುಟ್ಟಾಗಿಲ್ಲ, ಕೂಟಕ್ಕೆ ಮೊದಲು ಎಸ್‌ಆರ್‌ವೈ ಅನ್ನುವ ಜೀನ್ ಇದೆಯೇ ಅಂತ ನೋಡುವ ಟೆಸ್ಟ್ ಕಡ್ಡಾಯ, ‘ಗಾಯ ಅಂತ ಬರೆದುಕೊಟ್ಟು ಸುಮ್ಮನೆ ಹಿಂದೆ ಸರಿ, ಮಾನ ಉಳಿಯುತ್ತೆ’ ಅಂತಾರೆ ಕೋಚ್. ನಿಮ್ಮ ಪ್ರಶ್ನೆ ಇಷ್ಟೇ ತಾನೆ? ಓದಿ, ಎದ್ದು ಹೋಗಿ ನೀರು ಕುಡಿದು ಬಂದೆ. ಅಂಥದ್ದೇ ಪತ್ರಕ್ಕೆ 2008ರಲ್ಲಿ ಸಹಿ ಹಾಕಿದವಳು ನಾನು.

800 ಮೀಟರ್ ಓಡುತ್ತಿದ್ದೆ. ಶಿಬಿರದಲ್ಲಿ ಒಂದು ಬೆಳಿಗ್ಗೆ ರಕ್ತ ತೆಗೆದರು. ಡೋಪಿಂಗ್ ಪರೀಕ್ಷೆ ಇರಬೇಕು ಅಂದುಕೊಂಡೆ. ಮಧ್ಯಾಹ್ನ ಒಬ್ಬ ಡಾಕ್ಟರು ಬಟ್ಟೆ ಬಿಚ್ಚಿಸಿ ನೋಡಿದರು. ಅದನ್ನು ಇಲ್ಲಿ ಬರೆಯಲ್ಲ. ನಾಲ್ಕನೇ ದಿನ ಮ್ಯಾನೇಜರ್ ಕೋಣೆಗೆ ಕರೆದರು. ಮೇಜಿನ ಮೇಲೆ ಆಗಲೇ ಟೈಪ್ ಆಗಿದ್ದ ಕಾಗದ: ಎಡ ಮೊಣಕಾಲಿನ ನೋವಿನ ಕಾರಣ ಸ್ವಇಚ್ಛೆಯಿಂದ ತಂಡದಿಂದ ಹಿಂದೆ ಸರಿಯುತ್ತಿದ್ದೇನೆ.

“ರಿಪೋರ್ಟ್ ಸರಿ ಬಂದಿಲ್ಲಮ್ಮ. ಸೈನ್ ಮಾಡು, ಯಾರಿಗೂ ಗೊತ್ತಾಗಲ್ಲ.”

“ಯಾವ ರಿಪೋರ್ಟ್ ಸರ್?”

“ಅದೆಲ್ಲ ನಿನಗೆ ಅರ್ಥ ಆಗಲ್ಲ.”

ಪೆನ್ನಿನ ಕ್ಯಾಪ್ ಅವರೇ ತೆಗೆದು ಕೊಟ್ಟರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡು ಸಹಿ ಹಾಕಿದೆ. ರೂಮಿಗೆ ಬಂದು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೆ, ಗಾಬರಿಯಲ್ಲಿ ಬಲ ಮೊಣಕಾಲಿಗೆ. ಕುಂಟುತ್ತಾ ಬಸ್ಸು ಹತ್ತುವಾಗ ರೂಮ್‌ಮೇಟ್ ಕೇಳಿದಳು, “ನೋವು ಎಡಗಾಲಲ್ಲಿ ಅಂದ್ಯಲ್ಲೇ?” ಸಂಜೆಗೆ ಇಡೀ ಶಿಬಿರಕ್ಕೆ ಗೊತ್ತಿತ್ತು.

ಗುಟ್ಟು ರಟ್ಟಾಯಿತು ಅನ್ನುವುದಲ್ಲ ನನ್ನ ದುಃಖ. ಆ ಸಹಿಯಿಂದ ಏನಾಯಿತು ಅನ್ನುವುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗ ಹಾರ್ಮೋನಿಗೆ ಇಂತಿಷ್ಟು ಅನ್ನುವ ಮಿತಿಯೇ ಇರಲಿಲ್ಲ. ಒಲಿಂಪಿಕ್ ಸಮಿತಿ ಎಲ್ಲ ಮಹಿಳೆಯರನ್ನೂ ಪರೀಕ್ಷಿಸುವ ಪದ್ಧತಿಯನ್ನು 1999ರಲ್ಲೇ ಕೈಬಿಟ್ಟಿತ್ತು, ಲೀಟರ್ ರಕ್ತಕ್ಕೆ 10 ನ್ಯಾನೊಮೋಲ್ ಅನ್ನುವ ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನು) ಮಿತಿ ಬಂದದ್ದು 2011ರಲ್ಲಿ. ನಡುವೆ ಅನುಮಾನ ಬಂದವರನ್ನಷ್ಟೇ ಹಿಡಿಯುತ್ತಿದ್ದರು. ಅಂದರೆ ನನ್ನನ್ನು ಹೊರಗಿಡಬೇಕಾದರೆ ಅವರೇ ಕಾರಣ ಬರೆದು, ಸಹಿ ಹಾಕಿ, ಆದೇಶ ಕೊಡಬೇಕಿತ್ತು. ಆ ಕೆಲಸವನ್ನು ಅವರ ಪರವಾಗಿ ನಾನೇ ಮಾಡಿಕೊಟ್ಟೆ. ಯಾರೂ ನನ್ನನ್ನು ನಿಷೇಧಿಸಲಿಲ್ಲ. ನಿಷೇಧ ಇಲ್ಲದ ಮೇಲೆ ಮೇಲ್ಮನವಿ ಯಾವುದರ ಮೇಲೆ? ಆಮೇಲೆ ಹೋಗಿ ಕಂಡ ವಕೀಲರು ಪತ್ರದ ನಕಲು ಓದಿ, ಮಡಚಿ ವಾಪಸ್ ಕೊಟ್ಟರು. “ನೀವೇ ಬಿಟ್ಟು ಹೋಗಿದ್ದೀರಲ್ಲಮ್ಮ.”

ನಮ್ಮ ಓಟಗಾರ್ತಿ ದ್ಯುತಿ ಚಂದ್ ಅವರನ್ನು ನೋಡಿ. 2014ರಲ್ಲಿ ಕಾಮನ್‌ವೆಲ್ತ್ ಕೂಟದ ತಂಡದಿಂದ ಕೈಬಿಟ್ಟರು, ಆದರೆ ಅವರ ಕೈಯಲ್ಲಿ ಅಮಾನತಿನ ಆದೇಶ ಇತ್ತು. ಅದನ್ನೇ ಹಿಡಿದುಕೊಂಡು ಕ್ರೀಡಾ ನ್ಯಾಯಮಂಡಳಿಗೆ ಹೋದರು, 2015ರ ಜುಲೈನಲ್ಲಿ ಆ ಟೆಸ್ಟೋಸ್ಟಿರಾನ್ ಮಿತಿಯ ನಿಯಮಕ್ಕೇ ತಡೆ ಬಿತ್ತು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪತಿನ್ಯೊ ಅವರಿಗೂ 1985ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ಕೂಟದಲ್ಲಿ ‘ಗಾಯ ಅಂತ ನಟಿಸು’ ಅಂದಿದ್ದರು. ಆಗ ನಟಿಸಿದರು. ಮರುವರ್ಷ ಅದೇ ಮಾತು ಬಂದಾಗ ಒಪ್ಪದೆ ಓಡಿದರು. ಸುದ್ದಿ ಪತ್ರಿಕೆಗೆ ಹೋಯಿತು, ಪದಕ, ದಾಖಲೆ ಎಲ್ಲ ಕಿತ್ತುಕೊಂಡರು. ಜಗಳ ಬಿಡದೆ 1988ರಲ್ಲಿ ಅರ್ಹತೆ ವಾಪಸ್ ಪಡೆದರು.

ನಿಮ್ಮ ಕೋಚ್ ಹೇಳುವ ‘ಮಾನ ಉಳಿಯುತ್ತೆ’ ನನಗೆ ಒಪ್ಪಿಗೆಯೇ ಇಲ್ಲ. ಈ ಕೂಟ ತಪ್ಪಿಸಿಕೊಂಡರೂ ಮುಂದಿನ ಕೂಟದಲ್ಲಿ ಇದೇ ಪ್ರಶ್ನೆ ಕಾದಿರುತ್ತದೆ. ವಿಶ್ವ ರ‍್ಯಾಂಕಿಂಗ್ ಕೂಟಗಳ ಮಹಿಳಾ ವಿಭಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಈ ಟೆಸ್ಟ್ ಬಂದಿದೆ. ಕೆನ್ನೆಯ ಒಳಭಾಗ ಒರೆಸಿ ಅಥವಾ ರಕ್ತ ತೆಗೆದು ನೋಡುತ್ತಾರೆ, ಜೀವಮಾನಕ್ಕೆ ಒಂದು ಸಲ. ಗಾಯ ಎಷ್ಟು ವರ್ಷ ಅಂತ ಹೇಳುತ್ತೀರಿ?

‘ನಾನು ಹೆಣ್ಣು ಹೌದೋ ಅಲ್ಲವೋ ಗೊತ್ತಾಗಿಬಿಡುತ್ತೆ’ ಅಂತಲೂ ಬರೆದಿದ್ದೀರಿ. ಇಲ್ಲ. ವೈ ವರ್ಣತಂತುವಿನಲ್ಲಿರುವ ಒಂದು ಜೀನ್ ಇದೆಯೋ ಇಲ್ಲವೋ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3387 ಮಹಿಳೆಯರಲ್ಲಿ 8 ಮಂದಿಗೆ ಅದು ಕಂಡಿತು, ಎಂಟೂ ಜನ ಆಡಿದರು. ಹನ್ನೊಂದು ವರ್ಷದ ನಂತರ ನಾನೇ ದುಡ್ಡು ಕೊಟ್ಟು ತಪಾಸಣೆ ಮಾಡಿಸಿಕೊಂಡೆ. ವೈ ಇದೆ, ಟೆಸ್ಟೋಸ್ಟಿರಾನ್ ಇದೆ, ಆದರೆ ನನ್ನ ಜೀವಕೋಶಗಳಿಗೆ ಅದು ಕೇಳಿಸುವುದೇ ಇಲ್ಲ, ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆಂಡ್ರೋಜನ್‌ಗೆ, ಅಂದರೆ ಟೆಸ್ಟೋಸ್ಟಿರಾನ್‌ನಂಥ ಗಂಡು ಹಾರ್ಮೋನುಗಳಿಗೆ, ದೇಹ ಒಂಚೂರೂ ಸ್ಪಂದಿಸದ ನನ್ನಂಥವರಿಗೆ ಈಗಿನ ನಿಯಮದಲ್ಲೂ ಮಹಿಳಾ ವಿಭಾಗದಲ್ಲಿ ಜಾಗ ಇದೆ.

ನಿಮ್ಮದು ಬೇರೆಯದೇ ಇರಬಹುದು. ಊಟಕ್ಕೆ ಮೀರಿದ ತಾಲೀಮಿನಿಂದಲೂ ಮುಟ್ಟು ನಿಲ್ಲುತ್ತದೆ, ಹುಟ್ಟಿನಿಂದ ಗರ್ಭಕೋಶ ಇಲ್ಲದವರೂ ಇದ್ದಾರೆ. ಹತ್ತೊಂಬತ್ತಾದರೂ ಮುಟ್ಟಾಗಿಲ್ಲ ಅಂದರೆ ಓಟ ಆಚೆಗಿಡಿ, ಮೊದಲು ನಿಮ್ಮದೇ ಸ್ತ್ರೀರೋಗ ತಜ್ಞರನ್ನೋ ಹಾರ್ಮೋನ್ ತಜ್ಞರನ್ನೋ ಕಾಣಿ. ಮೂಳೆಯ ಗಟ್ಟಿತನದ ಪ್ರಶ್ನೆಯೂ ಇದರಲ್ಲಿದೆ. ಆಮೇಲೆ ಟೆಸ್ಟ್. ಒಪ್ಪಿಗೆ ಪತ್ರದಲ್ಲಿ ಟೆಸ್ಟಿನ ಹೆಸರು ಇರಲಿ, ವರದಿಯ ಪ್ರತಿ ನಿಮ್ಮ ಕೈಗೆ ಬರಲಿ. ನೀವು ಓಡುವುದು ‘ಬೇಡ’ ಅಂತ ತಂಡದವರು ಹೇಳುವುದಾದರೆ ಬರವಣಿಗೆಯಲ್ಲಿ ಹೇಳಲಿ. ಹಾರ್ಮೋನು ಬರುವ ಒಳಗಿನ ಗ್ರಂಥಿ ತೆಗೆಸುವ ಆಪರೇಷನ್ ಮಾಡಿಸಿಕೊಂಡರೆ ಆಡಬಹುದು ಅಂತ ಯಾರಾದರೂ ಪುಸಲಾಯಿಸಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಆಪರೇಷನ್‌ಗೆ ಒಳಗಾದ ನಾಲ್ವರು ಯುವ ಕ್ರೀಡಾಪಟುಗಳ ವಿಷಯ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ.

ಸ್ಯಾಂಪಲ್ ಕೊಡಲು ಒಬ್ಬರೇ ಹೋಗಬೇಡಿ. ಅಮ್ಮ, ಅಕ್ಕ, ಯಾರಾದರೂ ಜೊತೆಗಿರಲಿ. ಕೋಚ್ ಬೇಡ.