ಗೇಟಿನ ಮುಂದೆ ಅನ್ನ ಹಾಕಿದ್ರೆ ಜಗಳ!

ಪ್ರಶ್ನೆ: ಬಿಜೈಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮೂರು ಬೀದಿನಾಯಿಗಳಿವೆ. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲಸಿ ಹಾಕುತ್ತೇನೆ. ಮೇಲಿನ ಮನೆಯವರದು ದಿನಾ ಜಗಳ. ನಾನು ಮಾಡುವುದು ತಪ್ಪಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅನ್ನ ಹಾಕುವುದು ತಪ್ಪಲ್ಲ ಮಾರಾಯ್ರೆ, ಜಾಗ ತಪ್ಪು. ಮೆಟ್ಟಿಲು, ಗೇಟು, ಮಕ್ಕಳು ಆಡುವ ಕಡೆ ಬಿಟ್ಟು ದೂರದಲ್ಲಿ ಜಾಗ ಮತ್ತು ಹೊತ್ತು ಗೊತ್ತು ಮಾಡಬೇಕು ಅಂತ 2023ರ ಪ್ರಾಣಿ ಜನನ ನಿಯಂತ್ರಣ ನಿಯಮವೇ ಹೇಳುತ್ತದೆ, ಅದನ್ನು ಮಾಡಬೇಕಾದದ್ದು ನಿಮ್ಮ ಅಪಾರ್ಟ್‌ಮೆಂಟಿನ ಸಂಘ, ಹಾಗಾಗಿ ಮುಂದಿನ ಮೀಟಿಂಗಿನಲ್ಲಿ ವಿಷಯ ಎತ್ತಿ. ಮೇಲಿನ ಮನೆಯವರನ್ನೂ ಕರೆಯಿರಿ. ಅವರ ಹೆದರಿಕೆ ಸುಮ್ನೆ ಬಂದದ್ದಲ್ಲ ಅಲ್ವಾ?

ನಾಯಿಗಳ ಕಿವಿ ನೋಡಿದ್ದೀರಾ? ಸಂತಾನಹರಣ ಆಗಿದ್ದರೆ ಒಂದು ಕಿವಿಯ ಅಂಚಿನಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತು ಇರುತ್ತದೆ. ಇಲ್ಲದಿದ್ದರೆ ಮಹಾನಗರ ಪಾಲಿಕೆಗೆ ತಿಳಿಸಿ. ಆಪರೇಷನ್ ಜೊತೆ ರೇಬಿಸ್ ಲಸಿಕೆಯನ್ನೂ ಹಾಕುತ್ತಾರೆ. ಅಕಸ್ಮಾತ್ ಯಾರಿಗಾದರೂ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಬಂಗುಡೆ ಸಾರು ಮಾತ್ರ ಬೇಡ. ನಮ್ಮೂರಿನ ಖಾರ ನಾಯಿ ಹೊಟ್ಟೆಗೆ ಜಾಸ್ತಿಯಾಯಿತು, ಮುಳ್ಳು ಬೇರೆ. ಅನ್ನಕ್ಕೆ ಒಂದು ಬೇಯಿಸಿದ ಮೊಟ್ಟೆ ಕಿವುಚಿ ಹಾಕಿ, ತಿಂದಾದ ಮೇಲೆ ಹಾಳೆತಟ್ಟೆ ಎತ್ತಿಡಿ.