ಪುಟ್ಟಿ ನಾನಲ್ವಾ, ಅಮ್ಮಾ?

ಪ್ರಶ್ನೆ: ನನಗೆ 32 ವರ್ಷ. ಆರನೇ ವಯಸ್ಸಿನಿಂದ ಹದಿಮೂರರವರೆಗೆ ಟೀವಿ ಧಾರಾವಾಹಿಗಳಲ್ಲಿ ಪಾತ್ರ ಮಾಡಿದೆ. ಅದರಲ್ಲಿ ‘ಪುಟ್ಟಿ’ ಅನ್ನುವ ಪಾತ್ರ ಮನೆಮಾತಾಯಿತು. ಊರ ಜಾತ್ರೆಗೆ ಹೋದರೂ ಜನ ಮುತ್ತಿಕೊಳ್ಳುತ್ತಿದ್ದರು. ಹದಿಮೂರಕ್ಕೆ ಉದ್ದ ಬೆಳೆದುಬಿಟ್ಟೆ, ಫೋನ್ ಬರುವುದು ನಿಂತಿತು. ಆಮೇಲೆ ಬಿ.ಕಾಂ., ಕೆಲಸ, ಮದುವೆ. ಈಗ ನಾಲ್ಕೂವರೆ ವರ್ಷದ ಮಗಳಿದ್ದಾಳೆ. ಹೆರಿಗೆಯಾದ ಮೇಲೆ ಕೆಲಸ ಬಿಟ್ಟೆ. ಈಗಲೂ ತರಕಾರಿ ಅಂಗಡಿಯಲ್ಲಿ, ಸ್ಕೂಲ್ ಗೇಟಿನಲ್ಲಿ ಯಾರಾದರೂ ‘ನೀವು ಪುಟ್ಟಿ ಅಲ್ವಾ? ಎಷ್ಟು ದಪ್ಪ ಆಗ್ಬಿಟ್ಟಿದೀರಿ’ ಅನ್ನುತ್ತಾರೆ. ಮೊನ್ನೆ ಮಗಳು ಕೇಳಿದಳು, ‘ಅಮ್ಮಾ, ಅವರು ನಿನ್ನ ಯಾಕೆ ಪುಟ್ಟಿ ಅಂದ್ರು? ಪುಟ್ಟಿ ನಾನಲ್ವಾ?’ ಮನೆಯಲ್ಲಿ ನಾವು ಅವಳನ್ನು ಹಾಗೇ ಕರೆಯುವುದು. ನನಗೆ ಬಾಯೇ ಬರಲಿಲ್ಲ.

ಈಗ ಹೊಸ ಧಾರಾವಾಹಿಯವರು ಕೇಳುತ್ತಿದ್ದಾರೆ. ತಾಯಿ ಪಾತ್ರ ನನಗೆ, ಮಗುವಿನ ಪಾತ್ರ ನನ್ನ ಮಗಳಿಗೇ. ‘ಅಂದಿನ ಪುಟ್ಟಿ, ಇಂದಿನ ಪುಟ್ಟಿ’ ಅಂತ ಪ್ರೋಮೋ ಮಾಡುತ್ತಾರಂತೆ. ಅತ್ತೆಗೆ ಖುಷಿ. ‘ಲಕ್ಷ್ಮಿ ತಾನಾಗೇ ಬಾಗಿಲಿಗೆ ಬಂದಿದ್ದಾಳೆ. ಅಪ್ಪು ಚಿಕ್ಕವರಿದ್ದಾಗಲೇ ಮಾಡಲಿಲ್ವಾ?’ ಅನ್ನುತ್ತಾರೆ. ನಮ್ಮ ಯಜಮಾನರು ‘ನಿನ್ನಿಷ್ಟ’ ಅಂತ ಸುಮ್ಮನಾಗುತ್ತಾರೆ. ಮಗಳನ್ನು ಸೆಟ್‌ಗೆ ಕಳಿಸಲು ನನಗೆ ಇಷ್ಟವಿಲ್ಲ. ಏಳು ವರ್ಷದವಳಿದ್ದಾಗ, ಕಣ್ಣೀರು ಬರಿಸಲು ಹಚ್ಚುವ ಗ್ಲಿಸರಿನ್ ಉರಿಯುತ್ತೆ ಅಂತ ಹಟ ಮಾಡಿದೆ. ಆಗ ‘ನಿಮ್ಮಮ್ಮ ನಿನ್ನ ಬಿಟ್ಟು ಊರಿಗೆ ಹೋದ್ಲು’ ಅಂತ ಹೇಳಿ ಅಳಿಸಿ ಶಾಟ್ ತೆಗೆದರು. ಎಲ್ಲರೂ ಚಪ್ಪಾಳೆ ಹೊಡೆದರು. ಈಗ ಮಗಳು ಜೋರಾಗಿ ಅತ್ತರೆ ನನ್ನ ಕೈಕಾಲು ಮರಗಟ್ಟುತ್ತೆ. ಆದರೆ ಹೇಳಲು ನಾಚಿಕೆಯಾಗುತ್ತೆ, ಆ ಫೋನ್ ಬಂದ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ. ಆ ತಾಯಿ ಪಾತ್ರ ನನಗೆ ಬೇಕು. ಇನ್ನೊಂದು ಮಾತು. ನಾನು ದುಡಿದ ದುಡ್ಡಲ್ಲೇ ಅಪ್ಪ ಮನೆ ಕಟ್ಟಿದರು, ಅಣ್ಣನನ್ನು ಓದಿಸಿದರು. ಒಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಅಪ್ಪನಿಗೆ ಈಗ 68. ಕೇಳಬೇಕೋ, ಬೇಡವೋ?
– ಹೆಸರು, ಊರು ಬೇಡ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬೇರೆ ಎಲ್ಲ ಆಮೇಲೆ. ಮೊದಲು ಆ ‘ನಾಚಿಕೆ’ ಅನ್ನುವ ಮಾತನ್ನು ತೆಗೆದುಬಿಡೋಣ. ನಿಮಗೆ ಅಭಿನಯ ಬರುತ್ತೆ. ಏಳು ವರ್ಷ ಅದನ್ನೇ ಮಾಡಿದವರು ನೀವು. ಕೈಗೆ ಗೊತ್ತಿರುವ ಕೆಲಸ 19 ವರ್ಷದ ಮೇಲೆ ಹುಡುಕಿಕೊಂಡು ಬಂದರೆ ನಿದ್ದೆ ಬರದೆ ಇರುವುದು ಸಹಜ. ಇದರಲ್ಲಿ ತಾಯ್ತನಕ್ಕೆ ಕುಂದು ಏನಿದೆ?

ನನಗೆ ಕಾಣುವ ಹಾಗೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಮಗಳು ಪಾತ್ರ ಮಾಡಬೇಕಾ ಅನ್ನುವುದು ಒಂದು. ನೀವು ಮಾಡಬೇಕಾ ಅನ್ನುವುದು ಇನ್ನೊಂದು. ಧಾರಾವಾಹಿಯವರು ಎರಡನ್ನೂ ಸೇರಿಸಿ ಕೇಳಿದರು, ನೀವೂ ಸೇರಿಸಿಕೊಂಡೇ ಯೋಚನೆ ಮಾಡುತ್ತಿದ್ದೀರಿ. ಮಗಳಿಗೆ ಬೇಡ ಅಂದರೆ ನಿಮಗೂ ಬೇಡ, ನಿಮಗೆ ಬೇಕು ಅಂದರೆ ಮಗಳನ್ನೂ ಕೊಡಬೇಕು ಅನ್ನುವ ಹಾಗೆ. ಹಾಗೇನೂ ಇಲ್ಲ. ಅವರಿಗೆ ಫೋನ್ ಮಾಡಿ ನೇರವಾಗಿ ಹೇಳಿ: ‘ತಾಯಿ ಪಾತ್ರ ನಾನು ಮಾಡ್ತೀನಿ. ಮಗು ಬರೋದಿಲ್ಲ. ಪ್ರೋಮೋದಲ್ಲಿ ಅವಳ ಫೋಟೋ, ಹೆಸರು ಯಾವುದೂ ಇರಬಾರದು.’ ಆಗಲಿ ಅಂದರೆ ನಿಮ್ಮ ಅಭಿನಯ ಬೇಕು ಅಂತ ಬಂದವರು. ಇಬ್ಬರೂ ಬಂದರೆ ಮಾತ್ರ ಅಂದರೆ ಅವರಿಗೆ ಬೇಕಾಗಿದ್ದದ್ದು ಪ್ರೋಮೋ. ಅಂಥ ಕೆಲಸ ತಪ್ಪಿಹೋದರೆ ಎರಡು ದಿನ ಬೇಜಾರಾಗಬಹುದು, ಆಗಲಿ. ನಿಮ್ಮ ಫೋನ್ ನಂಬರ್ ಈಗ ಇಂಡಸ್ಟ್ರಿಯಲ್ಲಿ ಮತ್ತೆ ಓಡಾಡುತ್ತಿದೆ ಅನ್ನುವುದು ಗೊತ್ತಾಯಿತಲ್ಲ. ಬೇರೆಯವರನ್ನು ನೀವೇ ಕೇಳಬಹುದು.

ಮಗಳ ವಿಷಯಕ್ಕೆ ಬರೋಣ. ನೀವು ಸೆಟ್‌ನಲ್ಲಿದ್ದ ಕಾಲಕ್ಕೂ ಈಗಿನ ಕಾಲಕ್ಕೂ ಕಾನೂನಿನಲ್ಲಿ ತುಂಬಾ ವ್ಯತ್ಯಾಸ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ಹೊಸ ನಿಯಮ ಬಂತು. ಅದರ ಪ್ರಕಾರ ಮಕ್ಕಳನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ. ಬಿಡುವು ಕೊಡದೆ 3 ಗಂಟೆಗಿಂತ ಹೆಚ್ಚು ಇಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಇಲ್ಲ. ಚಿತ್ರೀಕರಣ ಮಾಡುವವರು ಜಿಲ್ಲಾ ದಂಡಾಧಿಕಾರಿಯ ಅನುಮತಿ ತರಬೇಕು. ಮಗುವಿನ ದುಡಿಮೆಯಲ್ಲಿ ಕಡಿಮೆ ಅಂದರೆ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು, ಅದು 18 ತುಂಬಿದ ಮೇಲೆ ಅವಳ ಕೈಗೇ ಬರಬೇಕು. ಅತ್ತೆಯವರಿಗೂ ಇದನ್ನೆಲ್ಲ ಓದಿ ಹೇಳಿ, ಒಳ್ಳೆಯದೇ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಮಗುವಿನ ಇಷ್ಟ, ಒಪ್ಪಿಗೆ ಇಲ್ಲದೆ ಪಾತ್ರ ಮಾಡಿಸುವ ಹಾಗಿಲ್ಲ. ನಾಲ್ಕೂವರೆ ವರ್ಷದ ಮಗುವಿನ ಒಪ್ಪಿಗೆ ಅಂದರೇನು? ಚಾಕೊಲೇಟ್ ತೋರಿಸಿದರೆ ಹೂಂ ಅನ್ನುತ್ತೆ. ಅಜ್ಜಿ ಖುಷಿಪಡುತ್ತಾರೆ ಅಂದರೂ ಹೂಂ ಅನ್ನುತ್ತೆ. ಈ ವಯಸ್ಸಿಗೆ ‘ಬೇಡ’ ಅನ್ನುವ ನಿಮ್ಮ ಮಾತಿಗೆ ನಾನು ಪೂರ್ತಿ ಜೊತೆಗಿದ್ದೇನೆ. ‘ನನ್ನ ಹಳೇ ಗಾಯಕ್ಕೆ ಮಗಳ ಅವಕಾಶ ತಪ್ಪಿಸ್ತಿದೀನಾ’ ಅನ್ನುವ ಅನುಮಾನ ನಿಮ್ಮ ಸಾಲುಗಳ ನಡುವೆ ಇಣುಕುತ್ತದೆ. ಗಾಯ ಆಗಿದ್ದರಿಂದಲೇ ನಿಮಗೆ ಗೊತ್ತಿದೆ. ಒಲೆ ಮುಟ್ಟಿ ಸುಟ್ಟುಕೊಂಡವಳು ಮಗುವನ್ನು ಒಲೆಯಿಂದ ದೂರ ಎಳೆದುಕೊಂಡರೆ ಯಾರೂ ತಪ್ಪು ಅನ್ನುವುದಿಲ್ಲ ಅಲ್ವಾ?

ಹಾಗಂತ ಅವಳನ್ನು ವೇದಿಕೆಯಿಂದಲೇ ದೂರ ಇಡಬೇಡಿ. ಅವಳಿಗೆ ಕುಣಿಯುವುದು, ವೇಷ ಹಾಕುವುದು ಇಷ್ಟವಾಗಬಹುದು. ನಿಮ್ಮ ಮಗಳಲ್ಲವೇ. ಸ್ವಲ್ಪ ದೊಡ್ಡವಳಾದ ಮೇಲೆ ಮಕ್ಕಳ ರಂಗಶಿಬಿರಕ್ಕೆ ಹಾಕಿ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ರಜೆಯಲ್ಲಿ ಚಿಣ್ಣರ ಮೇಳ ನಡೆಯುತ್ತದೆ. ನಿಮ್ಮೂರ ಹತ್ತಿರವೂ ಒಂದಲ್ಲ ಒಂದು ಶಿಬಿರ ಇದ್ದೇ ಇರುತ್ತದೆ. ಅಲ್ಲಿ ಹತ್ತು ಮಕ್ಕಳ ಜೊತೆ ಮರವೋ ಮೊಲವೋ ಆಗುತ್ತಾಳೆ. ಕೊನೆಯ ದಿನ ನಾಟಕ, ಚಪ್ಪಾಳೆ. ಮನೆಗೆ ಬಂದು ಮುಖಕ್ಕೆ ಹಚ್ಚಿದ ಬಣ್ಣ ತೊಳೆದು, ಮೊಸರನ್ನ ಉಂಡು ಮಲಗುತ್ತಾಳೆ. ಮರುದಿನ ಅಂಗಡಿಯಲ್ಲಿ ಯಾರೂ ಅವಳನ್ನು ಮೊಲ ಅನ್ನುವುದಿಲ್ಲ. ಹನ್ನೆರಡು ಹದಿಮೂರು ವರ್ಷವಾಗಿ, ಅವಳೇ ಬಂದು ‘ನಾನು ಕ್ಯಾಮೆರಾ ಮುಂದೆ ಮಾಡಬೇಕು’ ಅಂದರೆ ಆಗ ಮತ್ತೆ ಯೋಚನೆ ಮಾಡಿ. ಆಗ ಅವಳ ಪಕ್ಕ ನಿಲ್ಲಲು ನಿಮಗಿಂತ ತಿಳಿದವರು ಯಾರು ಸಿಗುತ್ತಾರೆ?

ಅತ್ತೆಯವರು ಅಪ್ಪು ಹೆಸರು ಹೇಳಿದರು ಅಂದಿರಿ. ಪುನೀತ್ ಅಂದರೆ ನನಗೂ ಪ್ರೀತಿ. ‘ಬೆಟ್ಟದ ಹೂವು’ ಚಿತ್ರಕ್ಕೆ ಅವರಿಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂತು, ಅದು 1985ರ ಚಿತ್ರ. ನಾಯಕನಾಗಿ ಬಂದದ್ದು 2002ರಲ್ಲಿ. ನಡುವಿನ ಅಷ್ಟು ವರ್ಷಗಳನ್ನು ನಾವು ಮರೆತುಬಿಡುತ್ತೇವೆ. ಬೆಳೆಯಲು ಅವರಿಗೆ ಕಾಲ ಸಿಕ್ಕಿತು, ಸಿನಿಮಾ ಒಳಹೊರಗು ಬಲ್ಲ ಅಪ್ಪ ಅಮ್ಮ ಮನೆಯಲ್ಲೇ ಇದ್ದರು. ಇನ್ನೊಂದು ದಾರಿಯೂ ಇದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿ, ಮಾಸ್ಟರ್ ಮಂಜುನಾಥ್, ನೆನಪಿರಬೇಕು. ಅವರು ಹರೆಯದಲ್ಲೇ ನಟನೆ ಬಿಟ್ಟು ಓದಿ, ಬೇರೆಯದೇ ಕೆಲಸದಲ್ಲಿ ನೆಲೆಯಾದರು. ಒಬ್ಬರು ವಾಪಸ್ ಬಂದರು, ಒಬ್ಬರು ಬರಲಿಲ್ಲ. ಎರಡೂ ಚೆನ್ನಾಗೇ ಇತ್ತು.

ಈಗ ನಿಮ್ಮ ಅಪ್ಪನ ವಿಷಯ. ಇದನ್ನು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನಗೇನೋ ಎಲ್ಲಕ್ಕಿಂತ ಭಾರವಾದದ್ದು ಇದೇ ಅನಿಸಿತು.

ಹಾಲಿವುಡ್‌ನ ಇಬ್ಬರು ಮಕ್ಕಳ ಕಥೆ ಹೇಳುತ್ತೇನೆ. ಜಾಕಿ ಕೂಗನ್ 1921ರಲ್ಲಿ ಚಾರ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ ಮಾಡಿದ ಹುಡುಗ. ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ಅಮ್ಮ ಮತ್ತು ಮಲತಂದೆ ಹೆಚ್ಚುಕಡಿಮೆ ಎಲ್ಲ ಖರ್ಚು ಮಾಡಿದ್ದರು. 1938ರಲ್ಲಿ ಕೋರ್ಟಿಗೆ ಹೋದ, ಸಿಕ್ಕಿದ್ದು ಚೂರು. ಆದರೆ ಆ ಗಲಾಟೆಯಿಂದಲೇ ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ದುಡ್ಡು ಕಾಯುವ ಕಾನೂನು ಬಂತು. ಇನ್ನೊಬ್ಬಳು ಶರ್ಲಿ ಟೆಂಪಲ್. ಗುಂಗುರು ಕೂದಲಿನ ಆ ಪುಟ್ಟ ಹುಡುಗಿ ದುಡಿದದ್ದು 30 ಲಕ್ಷ ಡಾಲರಿಗೂ ಮೇಲೆ. ಮದುವೆಯಾಗಿ ಲೆಕ್ಕ ನೋಡಿದಾಗ ಉಳಿದದ್ದು 44 ಸಾವಿರದಷ್ಟು. ಆಕೆ ಅಪ್ಪನ ಮೇಲೆ ಕೋರ್ಟಿಗೆ ಹೋಗಲಿಲ್ಲ. 22ನೇ ವಯಸ್ಸಿಗೆ ಸಿನಿಮಾಕ್ಕೆ ಕೈಮುಗಿದು, ಮೂರು ಮಕ್ಕಳನ್ನು ಸಾಕಿ, ಆಮೇಲೆ ಘಾನಾ ದೇಶಕ್ಕೆ, ಮುಂದೆ ಚೆಕೊಸ್ಲೊವಾಕಿಯಾಕ್ಕೆ ಅಮೆರಿಕದ ರಾಯಭಾರಿಯಾದರು. ತಮ್ಮ ದುಡ್ಡು ಏನಾಯಿತು ಅನ್ನುವುದನ್ನು ಮಾತ್ರ ಆತ್ಮಕಥೆಯಲ್ಲಿ ಅಂಕಿ ಸಮೇತ ಬರೆದರು. ನನಗೆ ಹಿಡಿಸುವುದು ಇದು. ಜಗಳ ಮಾಡಲಿಲ್ಲ, ಮುಚ್ಚಿಯೂ ಇಡಲಿಲ್ಲ.

ನಿಮ್ಮ ಕಾಲದಲ್ಲಿ ಆ ಶೇ. 20ರ ನಿಯಮ ಇರಲಿಲ್ಲ. ಮಧ್ಯಮ ವರ್ಗದ ಅಪ್ಪ, ಮನೆಗೆ ಬಂದ ದುಡ್ಡು ಮನೆಯದು ಅಂದುಕೊಂಡಿರಬಹುದು. ಅವರು ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾರೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದ್ದರಿಂದ ಕೇಳಿ. ಆದರೆ ಏನು ಕೇಳುತ್ತಿದ್ದೀರಿ ಅನ್ನುವುದು ಮೊದಲು ನಿಮಗೆ ಸ್ಪಷ್ಟವಾಗಲಿ. ದುಡ್ಡೇ ಬೇಕಾ? ಬೇಕು ಅನಿಸಿದರೆ ಅದೂ ತಪ್ಪಲ್ಲ, ಆದರೆ ಅದಕ್ಕೆ ಬೇರೆ ಮಾತುಕತೆ ಬೇಕು, ಅಣ್ಣನೂ ಇರಬೇಕು. ನಿಮ್ಮ ಪತ್ರದಲ್ಲಿ ‘ಬಾಯಿಬಿಟ್ಟು ಹೇಳಿಲ್ಲ’ ಅಂತ ಬರೆದಿದ್ದೀರಿ. ನಿಮಗೆ ಬೇಕಾಗಿರುವುದು ಒಂದು ಮಾತು ಅಂತ ನನಗೆ ಅನಿಸುತ್ತದೆ. ಹಬ್ಬದ ದಿನ ಬೇಡ, ನಾಲ್ಕು ಜನ ಇರುವಾಗಲೂ ಬೇಡ. ಸಂಜೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಅವರೊಬ್ಬರೇ ಇದ್ದಾಗ ಹೇಳಿ: ‘ಅಪ್ಪಾ, ಈ ಮನೆಗೆ ನಾನೂ ದುಡಿದಿದೀನಿ. ಒಂದ್ಸಲ ನಿಮ್ಮ ಬಾಯಲ್ಲಿ ಅದನ್ನ ಕೇಳ್ಬೇಕು ಅನ್ಸುತ್ತೆ.’ ಅಷ್ಟೇ. ಅವರು ಸಿಟ್ಟಾಗಬಹುದು. ಅಳಬಹುದು. ಎದ್ದು ಒಳಗೆ ಹೋಗಿ ಎರಡು ದಿನ ಮಾತು ಬಿಡಲೂಬಹುದು. ಆದರೂ ಹೇಳಿದ್ದೀರಿ ಅನ್ನುವುದು ನಿಮಗೆ ಉಳಿಯುತ್ತದೆ. 68 ಅಂದಿರಿ. ಇನ್ನೂ ಹತ್ತು ವರ್ಷ ಮುಂದೂಡುವ ಮಾತಲ್ಲ ಇದು.

ಮಗಳು ಅತ್ತಾಗ ಕೈಕಾಲು ಮರಗಟ್ಟುತ್ತದೆ ಅನ್ನುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಏಳು ವರ್ಷದ ಮಗುವಿಗೆ ಅಮ್ಮ ಬಿಟ್ಟುಹೋದಳು ಅಂತ ಹೇಳಿ, ನಿಜವಾದ ಭಯ ಹುಟ್ಟಿಸಿ, ಆ ಭಯಕ್ಕೆ ಚಪ್ಪಾಳೆ ತಟ್ಟಿದರು. ಓದುವಾಗ ನನ್ನ ಕಣ್ಣು ತುಂಬಿತು. ಆವತ್ತು ಯಾರಾದರೂ ನಿಮ್ಮನ್ನು ಎತ್ತಿಕೊಂಡು ‘ಸುಳ್ಳು ಹೇಳಿದ್ದು ಕಂದಾ, ಅಮ್ಮ ಇಲ್ಲೇ ಇದ್ದಾಳೆ’ ಅಂದರೋ ಇಲ್ಲವೋ. ಮಗು ಅತ್ತಾಗ ಏನು ಮಾಡಬೇಕು ಅಂತ ನಿಮ್ಮ ಮೈಗೆ ತೋಚದೆ ಇರುವುದಕ್ಕೆ ಕಾರಣ ಅಲ್ಲೇ ಇರಬಹುದು. ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಿ. ಅವಳು ಅತ್ತಾಗ ಏನೂ ತೋಚದಿದ್ದರೆ ನೆಲದ ಮೇಲೆ ಅವಳ ಪಕ್ಕ ಕೂತುಬಿಡಿ. ಅಳು ನಿಲ್ಲಿಸಬೇಕು ಅಂತೇನಿಲ್ಲ. ‘ಅಮ್ಮ ಇಲ್ಲೇ ಇದೀನಿ’ ಅನ್ನಿ, ಸಾಕು.

ಕೆಲಸಕ್ಕೆ ಹೋಗುವುದಾದರೆ ಷರತ್ತನ್ನು ಮೊದಲೇ ಮಾತಾಡಿಕೊಳ್ಳಿ. ತಿಂಗಳಿಗೆ ಎಷ್ಟು ದಿನ ಕಾಲ್‌ಶೀಟ್, ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಲ್ಲ ಕಾಗದದ ಮೇಲೆ ಇರಲಿ. ಸೀರಿಯಲ್ ಶೂಟಿಂಗ್ ಎಷ್ಟು ಎಳೆಯುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ‘ನಿನ್ನಿಷ್ಟ’ ಅನ್ನುವ ಯಜಮಾನರಿಗೆ ಕ್ಯಾಲೆಂಡರ್ ತೋರಿಸಿ, ‘ಈ ದಿನಗಳಲ್ಲಿ ಸ್ಕೂಲಿಂದ ಕರ್ಕೊಂಡು ಬರೋದು, ಊಟ ಮಾಡಿಸೋದು ನೀವು’ ಅಂತ ಹೇಳಿ. ನಿಮ್ಮ ಇಷ್ಟಕ್ಕೆ ಅವರ ಸಮಯವೂ ಸೇರಬೇಕು. ಅತ್ತೆಯವರ ಸಹಾಯ ಕೇಳಿ. ಸೊಸೆಯನ್ನು ಟೀವಿಯಲ್ಲಿ ನೋಡಿದರೆ ಅವರಿಗೂ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳಲು ಖುಷಿಯೇ.

ಇನ್ನು ತರಕಾರಿ ಅಂಗಡಿಯಲ್ಲಿ ಗುರುತು ಹಿಡಿಯುವವರು. ಅವರು ಕೆಟ್ಟವರಲ್ಲ, ಆಗ ಸಂಜೆ ಊಟದ ಹೊತ್ತಿಗೆ ಟೀವಿಯಲ್ಲಿ ನಿಮ್ಮನ್ನು ನೋಡಿ ಖುಷಿಯಿಂದ ನಕ್ಕವರು. ‘ಹೌದು, ಚಿಕ್ಕವಳಿದ್ದಾಗ ಮಾಡಿದ್ದೆ’ ಅಂತ ಹೇಳಿ ನಿಮ್ಮ ಈಗಿನ ಹೆಸರು ಹೇಳಿ. ದಪ್ಪ ಸಣ್ಣ ಅನ್ನುವ ಮಾತಿಗೆ ಉತ್ತರವೇ ಕೊಡಬೇಡಿ, ಬದನೆಕಾಯಿ ಆರಿಸಿಕೊಳ್ಳಿ.

ಮಗಳ ಪ್ರಶ್ನೆ ಉಳಿಯಿತು. ಯೂಟ್ಯೂಬಿನಲ್ಲಿ ನಿಮ್ಮ ಹಳೇ ಎಪಿಸೋಡ್ ಸಿಕ್ಕರೆ ಮೊದಲು ನೀವೊಬ್ಬರೇ ನೋಡಿ. ಆಮೇಲೆ ಅಳು ಇಲ್ಲದ, ನೀವು ಓಡಾಡುವ, ನಗುವ ಒಂದು ಸೀನ್ ಆರಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋರಿಸಿ. ‘ನೋಡು, ಇದು ಅಮ್ಮ ಚಿಕ್ಕವಳಿದ್ದಾಗ. ಅಲ್ಲಿ ಪುಟ್ಟಿ ಅಂತ ಆಟ ಆಡ್ತಿದ್ದೆ. ಅದಕ್ಕೇ ಜನ ಹಾಗಂತಾರೆ. ಈಗ ಆ ಹೆಸರು ನಿಂದೇ’ ಅನ್ನಿ. ಅವಳಿಗೆ ಅಷ್ಟೇ ಬೇಕಾಗಿರುವುದು.

ಅಪ್ಪನ ಹತ್ತಿರ ಮಾತಾಡಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.